ಬಾಕ್ಸ್‌ವುಡ್ ತಲೆ ಮುಟ್ಟುವ ತನಕ

ನನ್ನ ಹೆಂಡತಿಯ ಪ್ರಕಾರ ನಾನು ಮಾಡಿದ ತಪ್ಪುಗಳಲ್ಲಿ ಮುಕ್ಕಾಲು ಪಾಲು ಬೇರೆಯವರ ಮನೆಯ ಗೇಟಿನ ಮುಂದೆ ನಿಂತಾಗ ಹುಟ್ಟಿದವು. ಹುಬ್ಬಳ್ಳಿಯಲ್ಲಿದ್ದಾಗ ಯಾರದೋ ಗೇಟಿನೊಳಗೆ ನಿಂತಿದ್ದ ಸ್ಕೂಟರ್ ನೋಡಿ ಅಂಥದ್ದೇ ಒಂದು ಹಳೆಯ ಸ್ಕೂಟರ್ ಕೊಂಡು, ಎರಡು ವರ್ಷ ಅದನ್ನು ಓಡಿಸಿದ್ದಕ್ಕಿಂತ ತಳ್ಳಿದ್ದೇ ಹೆಚ್ಚು. ಬಾಕ್ಸ್‌ವುಡ್ ಗಿಡಗಳ ಕತೆಯೂ ಹಾಗೆಯೇ ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ, ಬ್ಯಾಂಕಿನ ಒಬ್ಬ ದೊಡ್ಡ ಗ್ರಾಹಕರ ಬಂಗಲೆಯ ಗೇಟಿನ ಮುಂದೆ ಶುರುವಾಯಿತು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಾನು ವಡೋದರಾದ ಶಾಖೆಯೊಂದರಲ್ಲಿ ಆಫೀಸರ್. ಏನೋ ಕಾಗದಪತ್ರಕ್ಕೆ ಸಹಿ ಹಾಕಿಸಿಕೊಳ್ಳಲು ಆ ಬಂಗಲೆಗೆ ಹೋಗಿದ್ದೆ. ಗೇಟಿನ ಎರಡೂ ಬದಿಗೆ ಎರಡು ಗಿಡ. ಅಡ್ಡಡ್ಡ ಹರಡದೆ, ಸಣಕಲಾಗಿ, ನೆಟ್ಟಗೆ, ಬುಡದಿಂದ ತುದಿಯವರೆಗೆ ಒಂದೇ ದಪ್ಪದಲ್ಲಿ ಮೇಲೆದ್ದಿದ್ದವು. ಬೆರಳಿನ ಉಗುರಿನಷ್ಟು ಚಿಕ್ಕ ಎಲೆಗಳು, ಎಣ್ಣೆ ಸವರಿದಂತೆ ಹೊಳೆಯುತ್ತಿದ್ದವು. ಅವುಗಳ ಪಕ್ಕದಲ್ಲಿ ನಿಂತ ವಾಚ್‌ಮನ್ ಕೂಡ ನನಗಿಂತ ನೆಟ್ಟಗಿದ್ದ. ನಾನು ಸಹಿ ಮರೆತು ಗಿಡದ ಹೆಸರು ಕೇಳಿದೆ. ಬಾಕ್ಸ್‌ವುಡ್ ಅಂದರು. ಆ ಹೆಸರು ನನ್ನ ಬಾಯಲ್ಲಿ ಕೂತ ಕ್ಷಣವೇ ನಾನು ಕೆಟ್ಟೆ.

ಅಹಮದಾಬಾದಿನ ಹೊರವಲಯದ ಒಂದು ನರ್ಸರಿಯಲ್ಲಿ ಅವು ಸಿಕ್ಕವು. ನರ್ಸರಿಯವನು ಪ್ರಾಮಾಣಿಕ ಮನುಷ್ಯ. ಇದು ತಂಪು ಸೀಮೆಯ ಗಿಡ, ವಡೋದರಾದ ಬಿಸಿಲು ತಡೆಯೋದು ಕಷ್ಟ, ಬದುಕಿದರೂ ವರ್ಷಕ್ಕೆ ಒಂದು ಗೇಣು ಬೆಳೆದರೆ ಹೆಚ್ಚು, ಬೇಕಾದರೆ ಕಾಮಿನಿ ಗಿಡ ಒಯ್ಯಿರಿ, ನೋಡಲು ಹೀಗೇ ಇರುತ್ತದೆ, ಹೂವೂ ಬಿಡುತ್ತದೆ ಅಂತ ಹಿಂದಿಯಲ್ಲಿ ಬಿಡಿಸಿ ಬಿಡಿಸಿ ಹೇಳಿದ. ಬುದ್ಧಿವಂತನಾದವನು ಕಾಮಿನಿ ಒಯ್ಯುತ್ತಿದ್ದ. ನಾನು ಐದು ಬಾಕ್ಸ್‌ವುಡ್ ಒಯ್ದೆ.

ಸಂಜೆಯ ರೈಲಿನಲ್ಲಿ ಐದು ಪ್ಲಾಸ್ಟಿಕ್ ಚೀಲದ ಗಿಡಗಳೊಂದಿಗೆ ನಾನು ಹತ್ತಿದ ಬೋಗಿ ಅಪ್‌ಡೌನ್ ಮಾಡುವವರದು. ಗುಜರಾತಿನಲ್ಲಿ ಅದೊಂದು ಪ್ರತ್ಯೇಕ ಜಾತಿ. ಬೆಳಿಗ್ಗೆ ಒಂದು ಊರು, ಸಂಜೆ ಇನ್ನೊಂದು ಊರು, ಜೇಬಿನಲ್ಲಿ ತಿಂಗಳ ಪಾಸು, ತೊಡೆಯ ಮೇಲೆ ಸೂಟ್‌ಕೇಸು, ಸೂಟ್‌ಕೇಸಿನ ಮೇಲೆ ಇಸ್ಪೀಟು. ಅವರು ನನಗೆ ಜಾಗ ಮಾಡಿಕೊಟ್ಟರು, ಹಪ್ಪಳದಂಥ ಗರಿಗರಿ ಖಾಖ್ರಾ ಕೊಟ್ಟರು, ಗಿಡಗಳನ್ನು ಕಿಟಕಿಯ ಹತ್ತಿರ ಸಾಲಾಗಿ ನಿಲ್ಲಿಸಿಕೊಟ್ಟರು. ಒಬ್ಬರು ಹದಿನೆಂಟು ವರ್ಷದಿಂದ ಇದೇ ರೈಲು ಅಂದರು. ನಾನು ಖಾಖ್ರಾ ಕಡಿಯುತ್ತ ಮನಸ್ಸಿನಲ್ಲೇ ಅವರಿಗಾಗಿ ಮರುಗಿದೆ. ಮನೆಗೆ ಬಂದು ಹೆಂಡತಿಗೆ, ಮನುಷ್ಯನಿಗೆ ಎಂಥ ಗತಿ ಬಂದರೂ ಬರಲಿ, ಈ ಅಪ್‌ಡೌನ್ ಮಾತ್ರ ಬರಬಾರದು ಅಂತ ಹೇಳಿದ್ದೂ ನೆನಪಿದೆ.

ನಮ್ಮ ಮನೆ ವಡೋದರಾದ ಗೋರ್ವಾ ಬಡಾವಣೆಯಲ್ಲಿತ್ತು. ಅಲ್ಲಿನವರು ಟೆನಮೆಂಟ್ ಅನ್ನುವ ಒಂದಂತಸ್ತಿನ ಬಾಡಿಗೆ ಮನೆ, ಮುಂದೆ ಗೇಟಿನಿಂದ ಬಾಗಿಲವರೆಗೆ ಒಂದು ಚಾಪೆಯಗಲದ ಮಣ್ಣಿನ ಪಟ್ಟಿ. ನಮಗೆ ಒಬ್ಬಳೇ ಮಗಳು, ಆಗ ಎಂಟು ವರ್ಷ. ಹುಬ್ಬಳ್ಳಿಯಲ್ಲಿ ಹುಟ್ಟಿ, ಸೂರತ್ತಿನಲ್ಲಿ ಎರಡನೇ ಇಯತ್ತೆವರೆಗೆ ಓದಿ, ನನ್ನ ವರ್ಗಾವಣೆಯ ಬೆನ್ನು ಹತ್ತಿ ವಡೋದರಾಕ್ಕೆ ಬಂದವಳು. ಸೂರತ್ತಿನ ಎದುರು ಫ್ಲ್ಯಾಟಿನಲ್ಲಿ ಅವಳಿಗೊಬ್ಬ ಗೆಳತಿಯಿದ್ದಳು. ಊರು ಬಿಡುವ ದಿನ ಇಬ್ಬರೂ ಮಹಡಿಯ ಮೆಟ್ಟಿಲ ಮೇಲೆ ಒಬ್ಬರ ಕೈ ಒಬ್ಬರು ಹಿಡಿದು ಕೂತಿದ್ದರು. ನಾನು ಲಾರಿಯವನು ಕಾಯುತ್ತಾನೆ ಅಂತ ಗದರಿಸಿ ಎಬ್ಬಿಸಿದ್ದೆ.

ಗೋರ್ವಾಕ್ಕೆ ಬಂದು ಆರು ತಿಂಗಳಾದರೂ ಮಗಳು ತನ್ನ ಗೊಂಬೆಗಳನ್ನು ರಟ್ಟಿನ ಡಬ್ಬಿಯಿಂದ ಹೊರಗೆ ತೆಗೆದಿರಲಿಲ್ಲ. ಆಟ ಆಡಬೇಕಾದಾಗ ಒಂದೊಂದೇ ತೆಗೆಯುವಳು, ಆಟ ಮುಗಿದ ಮೇಲೆ ಮತ್ತೆ ಡಬ್ಬಿಗೆ ಹಾಕಿ, ಡಬ್ಬಿಯನ್ನು ಮಂಚದ ಕೆಳಗೆ ತಳ್ಳುವಳು. ಶಾಲೆಯಲ್ಲಿ ಯಾರ ಜೊತೆಗೂ ಬೆರೆಯುವುದಿಲ್ಲ ಅಂತ ಟೀಚರ್ ಹೇಳಿ ಕಳಿಸಿದ್ದರು. ನಾನು ಅದನ್ನು ಶಿಸ್ತು ಅಂದುಕೊಂಡಿದ್ದೆ. ವಸ್ತುಗಳನ್ನು ಜಾಗಕ್ಕೆ ಇಡುವ ಗುಣ ನನ್ನಿಂದ ಬಂದಿದೆ ಅಂತ ಆಫೀಸಿನಲ್ಲಿ ಹೇಳಿಕೊಂಡೂ ಇದ್ದೆ.

ಗಿಡ ನೆಟ್ಟದ್ದು ಒಂದು ಭಾನುವಾರ ಬೆಳಿಗ್ಗೆ. ನಾನು ಲುಂಗಿ ಮೇಲೆ ಕಟ್ಟಿ ಗುಂಡಿ ತೋಡುತ್ತಿದ್ದೆ, ಮಗಳು ತಂಬಿಗೆಯಿಂದ ನೀರು ಹಾಕುತ್ತಿದ್ದಳು. ಅವಳ ಕನ್ನಡ ಮೊದಲೇ ಅಷ್ಟಕ್ಕಷ್ಟೆ. ಮನೆಯಲ್ಲಿ ನಾವು ಧಾರವಾಡದ ಕಡೆಯ ಮಾತಾಡಿದರೆ ಅವಳು ಅದಕ್ಕೆ ಗುಜರಾತಿ, ಹಿಂದಿ ಎರಡನ್ನೂ ಕಲಸಿ ಉತ್ತರ ಕೊಡುವಳು.

"ಪಪ್ಪಾ, ನಾವು ಇಲ್ಲಿ ಕಿತನಾ ದಿನ ಇರತೀವಿ?" ಅಂದಳು.

ನನಗೆ ಗಿಡದ ಸಂಭ್ರಮ. ಮಗು ಏನು ಕೇಳುತ್ತಿದೆ ಅಂತ ಯೋಚಿಸುವ ವ್ಯವಧಾನ ಇರಲಿಲ್ಲ. ಕೈಯಲ್ಲಿದ್ದ ಗಿಡವನ್ನು ಅವಳ ಪಕ್ಕ ನಿಲ್ಲಿಸಿ ನೋಡಿದೆ. ಅವಳ ಮೊಣಕಾಲಿಗಿಂತ ಒಂದಿಷ್ಟು ಮೇಲೆ ಬಂತು.

"ಈ ಗಿಡ ನಿನ್ನ ತಲಿ ಮುಟ್ಟೋ ತನಕ ನಾವು ಈ ಊರು ಬಿಟ್ಟು ಎಲ್ಲೂ ಹೋಗಂಗಿಲ್ಲ," ಅಂದೆ.

"ಪಕ್ಕಾ?"

"ಪಕ್ಕಾ."

ಅವಳು ಗಿಡದ ತುದಿಗೆ ಕೈಯಿಟ್ಟು, ಅಲ್ಲಿಂದ ತನ್ನ ತಲೆಯವರೆಗೆ ಗೇಣು ಹಾಕಿ ಅಳೆದಳು. ಆ ಸಂಜೆ ಮಂಚದ ಕೆಳಗಿನ ಡಬ್ಬಿ ಹೊರಗೆ ಬಂತು. ಗೊಂಬೆಗಳೆಲ್ಲ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಕೂತವು. ಹೆಂಡತಿ ಅದನ್ನು ನನಗೆ ತೋರಿಸಿದಳು. ನಾನು, ಕಟ್ಟೆ ಒರೆಸಿ ಇಡಬೇಕಿತ್ತು ಅಂದೆ.

ಅಲ್ಲಿಂದ ಮುಂದೆ ನಾನು ಗಿಡಗಳಿಗೆ ಮಾಡಿದ ಸೇವೆಯನ್ನು ಅತ್ತೆ ಮಾವನಿಗೆ ಮಾಡಿದ್ದರೆ ಪುಣ್ಯವಾದರೂ ಬರುತ್ತಿತ್ತು. ಮೊದಲ ಬೇಸಿಗೆಗೇ ಎಲೆಗಳು ತಾಮ್ರದ ಬಣ್ಣಕ್ಕೆ ತಿರುಗಿದವು. ನಮ್ಮ ಕಡೆ ಕರಿಬೇವಿನ ಗಿಡ ಸೊರಗಿದರೆ ಮಾಡುವುದು ಒಂದೇ, ಬುಡಕ್ಕೆ ಹುಳಿ ಮಜ್ಜಿಗೆ ಹಾಕುವುದು. ನನ್ನ ಅವ್ವ ಹಾಕುತ್ತಿದ್ದಳು, ಅವಳ ಅವ್ವನೂ ಹಾಕುತ್ತಿದ್ದಳು, ಕರಿಬೇವು ದಟ್ಟವಾಗಿ ಚಿಗುರುತ್ತಿತ್ತು. ಕರಿಬೇವಿಗೆ ಆಗುವುದು ಬಾಕ್ಸ್‌ವುಡ್‌ಗೆ ಯಾಕಾಗಬಾರದು ಅಂತ ನನ್ನ ತರ್ಕ. ಗುಜರಾತಿನಲ್ಲಿ ಮಜ್ಜಿಗೆಗೇನು ಬರ? ಪಕ್ಕದ ಮನೆಯಿಂದಲೇ ಛಾಸ್ ಅಂತ ದಿನಾ ಒಂದು ಚೊಂಬು ಬರುತ್ತಿತ್ತು. ನಾನು ಅದನ್ನು ಎರಡು ದಿನ ಹುಳಿ ಬರಿಸಿ ಐದೂ ಗಿಡಕ್ಕೆ ಹಾಕಿದೆ.

"ಯಾಕ್ರೀ, ಅವಕ್ಕ ಊಟಾನೂ ಬಡಸ್ತೀರೇನು? ಉಪ್ಪಿನಕಾಯಿ ತರಲೇನು?" ಅಂದಳು ಹೆಂಡತಿ.

ವಾರದೊಳಗೆ ಮನೆಯ ಮುಂದೆ ಇರುವೆಯ ಮೆರವಣಿಗೆ, ಇರುವೆಯ ಹಿಂದೆ ವಾಸನೆ, ವಾಸನೆಯ ಹಿಂದೆ ಬೆಕ್ಕುಗಳು. ಅದರ ಮೇಲೆ, ನನಗೆ ಯಾರೂ ಹೇಳದಿದ್ದ ಇನ್ನೊಂದು ಗುಟ್ಟು ಬಯಲಾಯಿತು. ಬಿಸಿಲೇರಿದಾಗ ಬಾಕ್ಸ್‌ವುಡ್‌ನ ಎಲೆಗಳಿಗೆ ತಮ್ಮದೇ ಒಂದು ನಾತವಿದೆ, ಅದೂ ಬೆಕ್ಕು ಉಚ್ಚೆ ಹೊಯ್ದ ನಾತವೇ. ಬೆಕ್ಕು ಯಾವುದು ಗಿಡ ಯಾವುದು ಅಂತ ಮೂಗಿಗೆ ತಿಳಿಯದಂತಾಯಿತು. ಬಂದ ನೆಂಟರು ಒಳಗೆ ಬರುವ ಮೊದಲು ತಮ್ಮ ಚಪ್ಪಲಿಯ ಅಡಿ ನೋಡಿಕೊಳ್ಳುತ್ತಿದ್ದರು.

ಪಕ್ಕದ ಮನೆಯಲ್ಲಿ ಒಬ್ಬ ಕಾಕಾ ಇದ್ದರು. ನಿವೃತ್ತರು. ಬೆಳಗಿನಿಂದ ಸಂಜೆಯವರೆಗೆ ವರಾಂಡದ ಉಯ್ಯಾಲೆ ಹಲಗೆಯ ಮೇಲೆ ಕೂತು, ಒಂದು ಕಾಲಿನಿಂದ ನೆಲ ಒದೆಯುತ್ತ, ಬೀದಿಯಲ್ಲಿ ಆಗುವುದನ್ನೆಲ್ಲ ನೋಡುವುದೇ ಅವರ ಕೆಲಸ. ಮಜ್ಜಿಗೆ ಕಳಿಸುತ್ತಿದ್ದದ್ದೂ ಅವರ ಮನೆಯವರೇ. ಅದು ಎಲ್ಲಿ ಹೋಗುತ್ತಿದೆ ಅಂತ ನೋಡಿದ ಮೇಲೂ ಅವರು ಕಳಿಸುವುದನ್ನು ನಿಲ್ಲಿಸಲಿಲ್ಲ. ಒಂದು ದಿನ ಕರೆದು, ಮಜ್ಜಿಗೆ ನಿಲ್ಲಿಸಿ, ಮಧ್ಯಾಹ್ನದ ಬಿಸಿಲಿಗೆ ಗೋಣಿತಟ್ಟಿನ ನೆರಳು ಕಟ್ಟಿ, ನೀರು ಕಡಿಮೆ ಮಾಡಿ ಅಂದರು. ಹಾಗೆ ಮಾಡಿದ ಮೇಲೆ ಗಿಡಗಳು ಚೇತರಿಸಿಕೊಂಡವು. ಆ ಕೀರ್ತಿಯನ್ನೂ ನಾನು ಮಜ್ಜಿಗೆಗೇ ಕೊಟ್ಟೆ.

ಮಳೆಗಾಲದಲ್ಲಿ ಹೊಸ ಚಿಗುರು ಬಂತು. ನೀರಿನ ಭಾರಕ್ಕೆ ಟೊಂಗೆಗಳು ಹೊರಕ್ಕೆ ಬಾಗಿದಾಗ ಹೆಂಡತಿಯ ಹಳೆಯ ಲಂಗದ ಲಾಡಿ ತಂದು ಸುತ್ತಿ ಸುತ್ತಿ ಕಟ್ಟಿ ನೆಟ್ಟಗೆ ನಿಲ್ಲಿಸಿದೆ. ಆ ದಿನಗಳಲ್ಲಿ ನನ್ನ ಬಾಯಿಗೆ ಬೀಗವಿರಲಿಲ್ಲ. ಊಟಕ್ಕೆ ಕೂತಾಗಲೆಲ್ಲ ಗಿಡದ ಮಾತು. "ನೋಡ್ತಿರ್ರಿ, ಬರೋ ದೀಪಾವಳಿಗೆ ಇವು ನಮ್ಮ ಪುಟ್ಟಿ ತಲಿ ಮ್ಯಾಲೆ ಹೋಗ್ತಾವ," ಅಂತ ಕೊಚ್ಚಿಕೊಂಡೆ. ಗೇಣು ಬೆಳೆಯಲು ವರ್ಷ ಬೇಕು ಅಂತ ನರ್ಸರಿಯವನು ಹೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು. ಆದರೆ ಸುಳ್ಳು ಹೇಳುವಾಗ ಸಣ್ಣದು ಹೇಳಿ ಏನು ಪ್ರಯೋಜನ? ಮಗಳು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡುತ್ತಿದ್ದಳು. ಅಪ್ಪನ ಬಗ್ಗೆ ಹೆಮ್ಮೆಪಡುತ್ತಿದ್ದಾಳೆ ಅಂದುಕೊಂಡೆ.

ಅದಾದ ಮೇಲೆ ಗಿಡಗಳು ಬೆಳೆಯುವುದನ್ನು ನಿಲ್ಲಿಸಿದವು. ಸರಿಯಾಗಿ ಹೇಳಬೇಕೆಂದರೆ, ಎತ್ತರಕ್ಕೆ ಬೆಳೆಯುವುದನ್ನು ನಿಲ್ಲಿಸಿ ಅಗಲಕ್ಕೆ ಬೆಳೆಯತೊಡಗಿದವು. ತುದಿಯ ಚಿಗುರು ಒಂದೆರಡು ಬೆರಳು ಮೇಲೆ ಬಂದರೆ ಸಾಕು, ಮರುವಾರ ಅದು ಮಾಯ. ತುದಿ ಹೋದ ಗಿಡ ಪಕ್ಕಕ್ಕೆ ನಾಲ್ಕು ಟೊಂಗೆ ಒಡೆಯುವುದು ಅದರ ಧರ್ಮ. ಸೈನಿಕರಂತೆ ನಿಲ್ಲಬೇಕಿದ್ದ ನನ್ನ ಐದೂ ಗಿಡಗಳು ಹೊಟ್ಟೆ ಬಿಟ್ಟ ಬ್ಯಾಂಕ್ ಆಫೀಸರರಂತೆ ಗುಂಡಗಾದವು.

ನಾನು ತನಿಖೆ ಶುರು ಮಾಡಿದೆ. ಮೊದಲ ಆರೋಪಿ ಅಳಿಲು. ತುದಿಗೆ ಖಾರದ ನೀರು ಚಿಮುಕಿಸಿ, ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡೆ. ಎರಡನೇ ಆರೋಪಿ ಬೀದಿಯ ಹಸು. ಗೇಟಿಗೆ ಚಿಲಕದ ಮೇಲೆ ಸರಪಳಿ ಸುತ್ತಿ ಬೀಗ ಹಾಕಿದೆ, ಮರುದಿನ ಆಫೀಸಿಗೆ ಹೊರಟಾಗ ಬೀಗದ ಕೈ ಸಿಗದೆ ನಾನೇ ಗೇಟು ಹತ್ತಿ ಹಾರಿದೆ. ಜನವರಿಯಲ್ಲಿ ಉತ್ತರಾಯಣ ಬಂತು. ಊರಿಗೆ ಊರೇ ಮಾಳಿಗೆ ಹತ್ತಿ ಗಾಳಿಪಟ ಹಾರಿಸುವ ಹಬ್ಬ, ಗಾಜಿನ ಪುಡಿ ಮೆತ್ತಿದ ದಾರ ಎಲ್ಲೆಂದರಲ್ಲಿ ತೂಗುತ್ತಿರುತ್ತದೆ. ಅಪರಾಧಿ ಸಿಕ್ಕ ಅಂದುಕೊಂಡೆ. ಸೊಸೈಟಿಯ, ಅಂದರೆ ನಮ್ಮ ಮನೆಸಾಲುಗಳ, ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, ನಿಮ್ಮ ದಾರ ನನ್ನ ಗಿಡ ಕೊಯ್ಯುತ್ತಿದೆ ಅಂತ ನನ್ನ ಹರಕು ಮುರುಕು ಗುಜರಾತಿಯಲ್ಲಿ ಭಾಷಣ ಮಾಡಿದೆ. ಮಕ್ಕಳು ಗಂಭೀರವಾಗಿ ಕೇಳಿಸಿಕೊಂಡು ಮೂಲೆ ತಿರುಗಿದ ಕೂಡಲೇ ನಕ್ಕರು. ನನ್ನ ಮಗಳೂ ಆ ಸಾಲಿನಲ್ಲೇ ನಿಂತಿದ್ದಳು. ಅವಳು ಮಾತ್ರ ನಗಲಿಲ್ಲ.

ಕಾಕಾ ಉಯ್ಯಾಲೆ ನಿಲ್ಲಿಸಿ ಕೇಳಿದರು: "ಸಾಹೇಬ್, ಗಾಳಿಪಟದ ದಾರ ಐದೂ ಗಿಡವನ್ನ ಒಂದೇ ಅಳತೆಗೆ ಕೊಯ್ಯುತ್ತಾ?"

ನಾನು, ಗಾಳಿ ಒಂದೇ ದಿಕ್ಕಿನಿಂದ ಬೀಸಿದರೆ ಕೊಯ್ಯಬಹುದು ಅಂದೆ. ಅವರು ಮತ್ತೆ ನೆಲ ಒದ್ದು ಉಯ್ಯಾಲೆ ತೂಗಿಕೊಂಡರು. ಅವರಿಗೆ ಗೊತ್ತಿತ್ತು. ಅವರ ಹೆಂಡತಿಗೆ ಗೊತ್ತಿತ್ತು. ನನ್ನ ಹೆಂಡತಿಗೂ ಗೊತ್ತಿತ್ತು ಅಂತ ಆಮೇಲೆ ತಿಳಿಯಿತು. ಗೋರ್ವಾದ ಆ ಬೀದಿಯಲ್ಲಿ ಗೊತ್ತಿಲ್ಲದವನು ನಾನೊಬ್ಬನೇ.

ಈ ನಡುವೆ ನಾನು ಇನ್ನೊಂದು ಕೆಲಸ ಮಾಡಿದ್ದೆ. ಬಡ್ತಿಯ ಸಂದರ್ಶನಕ್ಕೆ ಹೋಗಿ ಬಂದಿದ್ದೆ, ಎಲ್ಲಿಗೆ ಹಾಕಿದರೂ ಹೋಗುತ್ತೇನೆ ಅಂತ ಬರೆದೂ ಕೊಟ್ಟಿದ್ದೆ. ಮನೆಯಲ್ಲಿ ಹೇಳಿರಲಿಲ್ಲ. ಆದಾಗ ಹೇಳಿದರಾಯಿತು ಅಂತ. ಮಗಳಿಗೆ ಕೊಟ್ಟ ಮಾತು ನೆನಪಿರಲಿಲ್ಲವೇ ಅಂದರೆ, ಇರಲಿಲ್ಲ. ಗಿಡದ ಮೇಲೆ ಕೂತ ಧೂಳಿನ ಲೆಕ್ಕವಿಟ್ಟವನಿಗೆ ಅದರ ಮುಂದೆ ಆಡಿದ ಮಾತು ಮರೆತೇ ಹೋಗಿತ್ತು. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಆರ್ಡರ್ ಬಂದದ್ದು ಒಂದು ಶನಿವಾರ. ಬಡ್ತಿ ಮೇಲೆ ಅಹಮದಾಬಾದಿಗೆ, ಅದೂ ಬೋಡಕ್‌ದೇವ್ ಶಾಖೆಗೆ. ಬ್ಯಾಂಕು ಅರ್ಧ ದಿನ, ಪೇಢೆಯ ಪೊಟ್ಟಣ ಹಿಡಿದು ಎಂದಿಗಿಂತ ಬೇಗ ಮನೆಗೆ ಬಂದೆ. ಗೇಟಿನ ಹೊರಗಿನಿಂದಲೇ ಕಂಡಿತು. ಶಾಲೆಯ ಯೂನಿಫಾರ್ಮಿನಲ್ಲೇ, ಬೆನ್ನ ಮೇಲೆ ಪಾಟಿಚೀಲ ಇನ್ನೂ ಇರುವಾಗಲೇ, ಮಗಳು ಮೂರನೇ ಗಿಡದ ಮುಂದೆ ನಿಂತಿದ್ದಳು. ಅವರವ್ವ ಮೆಂತ್ಯದ ಸೊಪ್ಪು ಸೋಸುವ ಹಾಗೆ, ಹೆಬ್ಬೆರಳಿನ ಉಗುರಿನಿಂದ ತುದಿಯ ಚಿಗುರನ್ನು ಚಿವುಟಿ ಜೇಬಿಗೆ ಹಾಕಿಕೊಂಡು, ನಾಲ್ಕನೆಯದಕ್ಕೆ ಸರಿದಳು.

ನನ್ನ ಸಿಟ್ಟು ಬೀದಿಯ ಕೊನೆಯವರೆಗೆ ಕೇಳಿಸಿರಬೇಕು. ಅಳಿಲಿಗೆ, ಹಸುವಿಗೆ, ಸೊಸೈಟಿಯ ಮಕ್ಕಳಿಗೆ ಬೈದದ್ದೆಲ್ಲ ಒಟ್ಟಿಗೆ ನೆನಪಾಗಿ, ಅಷ್ಟೂ ಅವಮಾನವನ್ನು ಆ ಮಗುವಿನ ಮೇಲೆ ಸುರಿದೆ. ಇಷ್ಟು ತಿಂಗಳು ನನ್ನನ್ನು ಮಂಗ ಮಾಡಿದೆಯಾ ಅಂದೆ. ಅವಳು ತಲೆ ತಗ್ಗಿಸಲಿಲ್ಲ. ಜೇಬನ್ನು ಕೈಯಿಂದ ಮುಚ್ಚಿಕೊಂಡು ನಿಂತಳು.

"ಪಪ್ಪಾ, ನೀವ ಹೇಳಿದ್ರಿ ನಾ. ಗಿಡ ನನ್ನ ತಲಿ ಮುಟ್ಟಿದ್ರ, ಪಛೀ, ಆಮ್ಯಾಲೆ, ನಾವು ಹೋಗಬೇಕು ನಾ," ಅಂದಳು. ಆಮೇಲೆ, "ನನಗ ಇಲ್ಲಿ ದೋಸ್ತ್ ಆಗ್ಯಾಳ," ಅಂದಳು.

ನನ್ನ ಕೈಯಲ್ಲಿ ಪೇಢೆಯ ಪೊಟ್ಟಣವಿತ್ತು. ಅವಳು ಅದನ್ನು ನೋಡಿದಳು. ವರ್ಗಾವಣೆಯಾದಾಗಲೆಲ್ಲ ಅಪ್ಪ ಸಿಹಿ ತರುತ್ತಾನೆ ಅಂತ ಅವಳಿಗೆ ಗೊತ್ತಿತ್ತು. ಸೂರತ್ತಿನಲ್ಲೂ ತಂದಿದ್ದೆ. ಅವಳು ಒಳಗೆ ಹೋದಳು.

ಪೊಟ್ಟಣವನ್ನು ಹೆಂಡತಿಯ ಕೈಗೆ ಕೊಟ್ಟು ಸುದ್ದಿ ಹೇಳಿದೆ. ಅವಳು ಅದನ್ನು ಬಿಚ್ಚದೆ ಕಪಾಟಿನ ಮೇಲಿಟ್ಟಳು. "ಮಾತು ಕೊಟ್ಟಾವರು ನೀವು, ನಾ ಅಲ್ಲ. ನೀವ ಹೋಗಿ ಹೇಳ್ರಿ," ಅಂದಳು. ಹೇಳಲು ನಡುಮನೆಗೆ ಹೋದೆ. ಮಂಚದ ಕೆಳಗಿನ ಡಬ್ಬಿ ಹೊರಗೆ ಬಂದಿತ್ತು. ಮಗಳು ಕಿಟಕಿಯ ಕಟ್ಟೆಯಿಂದ ಗೊಂಬೆಗಳನ್ನು ಒಂದೊಂದಾಗಿ ಇಳಿಸಿ ಅದರಲ್ಲಿ ಇಡುತ್ತಿದ್ದಳು. ಅಳುತ್ತಿರಲಿಲ್ಲ. ಮೂರು ಊರು ಕಂಡ ಮಗು, ಗೊಂಬೆ ಮುರಿಯದ ಹಾಗೆ ನಡುವೆ ಬಟ್ಟೆ ತುರುಕುವುದನ್ನೂ ಕಲಿತಿತ್ತು. ನಾನು ಡಬ್ಬಿಯ ಪಕ್ಕ ನೆಲದ ಮೇಲೆ ಕೂತೆ.

"ತೆಗಿ ಅವನ್ನ ಹೊರಗ," ಅಂದೆ. "ನೀವು ಎಲ್ಲೂ ಹೋಗಂಗಿಲ್ಲ. ನಾ ದಿನಾ ಹೋಗಿ ಬರ್ತೀನಿ."

ಹಾಗೆ ನಾನು ಅಪ್‌ಡೌನ್ ಜಾತಿಗೆ ಸೇರಿದೆ. ಇದನ್ನು ಯಾರಾದರೂ ತ್ಯಾಗ ಅಂದರೆ ನಾನು ಒಪ್ಪುವುದಿಲ್ಲ. ಬಡ್ತಿ ಬಿಡುವ ಧೈರ್ಯ ನನಗಿರಲಿಲ್ಲ, ಆ ಡಬ್ಬಿಯನ್ನು ಮತ್ತೊಮ್ಮೆ ಲಾರಿಗೆ ಏರಿಸುವ ಧೈರ್ಯವೂ ಇರಲಿಲ್ಲ. ಎರಡು ಪುಕ್ಕಲುತನಗಳ ನಡುವೆ ರೈಲಿತ್ತು. ಮೊದಲ ದಿನವೇ, ಅವತ್ತು ಹದಿನೆಂಟು ವರ್ಷದಿಂದ ಇದೇ ರೈಲು ಅಂದಿದ್ದವರು ಸಿಕ್ಕರು, ಈಗ ಅವರದು ಇಪ್ಪತ್ತಕ್ಕೆ ಹತ್ತಿರ. ನನ್ನನ್ನು ಗುರುತು ಹಿಡಿದು, ಗಿಡ ಹೇಗಿವೆ ಅಂತ ಕೇಳಿ, ಸರಿದು ಕೂತು ಜಾಗ ಮಾಡಿಕೊಟ್ಟರು. ತಿಂಗಳು ಕಳೆಯುವುದರಲ್ಲಿ ನನ್ನ ಸೂಟ್‌ಕೇಸಿನ ಮೇಲೂ ಇಸ್ಪೀಟು ಬಿತ್ತು.

ಬೋಡಕ್‌ದೇವ್‌ನಲ್ಲಿ ಒಂದು ಮಧ್ಯಾಹ್ನ ಆ ಬಂಗಲೆಯ ಮುಂದೆ ಹೋದೆ. ಗೇಟಿನ ಎರಡೂ ಬದಿ ಅದೇ ಎರಡು ಗಿಡ, ಅಷ್ಟೇ ನೆಟ್ಟಗೆ, ಅಷ್ಟೇ ಹಸಿರು. ಇಷ್ಟು ಬಿಸಿಲಿನಲ್ಲಿ ಹೇಗೆ ಉಳಿಸುತ್ತೀರಿ ಅಂತ ವಾಚ್‌ಮನ್‌ನನ್ನು ಕೇಳಿದೆ. ಉಳಿಯೋದೆಲ್ಲಿ ಸಾಹೇಬ್, ಪ್ರತಿ ಬೇಸಿಗೆ ಸಾಯುತ್ತವೆ, ಪ್ರತಿ ಮಳೆಗಾಲಕ್ಕೆ ಶೇಠರು ಹೊಸದು ತರಿಸುತ್ತಾರೆ ಅಂದ. ಮಜ್ಜಿಗೆ ಕುಡಿದು, ಲಾಡಿ ಕಟ್ಟಿಸಿಕೊಂಡು, ತಲೆ ಚಿವುಟಿಸಿಕೊಂಡೂ ಬದುಕಿದ್ದ ನನ್ನ ಐದು ಗುಂಡು ಗಿಡಗಳ ಮೇಲೆ ಅವತ್ತು ಮೊದಲ ಸಲ ಪ್ರೀತಿ ಬಂತು.

ಮಳೆ ಶುರುವಾಗಿ ಮೂರು ನಾಲ್ಕು ವಾರವಾಗಿತ್ತು. ಭಾನುವಾರ ಬೆಳಿಗ್ಗೆ ಚಹದ ಲೋಟ ಹಿಡಿದು ಗಿಡಗಳ ಹತ್ತಿರ ಹೋದೆ. ಐದರ ತುದಿಯಲ್ಲೂ ಎಳೆ ಹಸಿರು ಚಿಗುರು, ಒಂದೊಂದೂ ನಾಲ್ಕು ಬೆರಳುದ್ದ ಬಂದಿತ್ತು. ಯಾರೂ ಮುಟ್ಟಿರಲಿಲ್ಲ. ಮಗಳು ಬಾಗಿಲ ಮೆಟ್ಟಿಲ ಮೇಲೆ ಗೆಳತಿಯ ಜೊತೆ ಕೂತು ಗೊಂಬೆಗೆ ಸೀರೆ ಉಡಿಸುತ್ತಿದ್ದಳು.

"ಯಾಕ ಪುಟ್ಟಿ, ಈ ಸಲ ಚಿವುಟಲಿಲ್ಲ?" ಅಂದೆ.

ಅವಳು ತಲೆ ಎತ್ತಲೂ ಇಲ್ಲ. "ಈಗ್ಯಾಕ ಬೇಕು ಪಪ್ಪಾ? ನೀವ ಹೇಳೀರಲ್ಲ, ಎಲ್ಲೂ ಹೋಗಂಗಿಲ್ಲ ಅಂತ," ಅಂದಳು. ಆಮೇಲೆ ಇಬ್ಬರೂ ಗೊಂಬೆಯನ್ನು ಎತ್ತಿಕೊಂಡು ಗೆಳತಿಯ ಮನೆಗೆ ಓಡಿದರು.

ಅವಳು ನನ್ನ ಮಾತನ್ನು ನಂಬಿದ್ದಳು. ಆದರೆ ನನ್ನನ್ನು ಅವಳಿಗಿಂತ ನಾನು ಚೆನ್ನಾಗಿ ಬಲ್ಲೆ. ಇನ್ನೊಂದು ಬಡ್ತಿ ಬರಬಹುದು, ಇನ್ನೊಂದು ಊರು, ಇನ್ನೊಂದು ಪೇಢೆಯ ಪೊಟ್ಟಣ. ಬೀದಿಯ ಎರಡೂ ಕಡೆ ನೋಡಿದೆ. ಉಯ್ಯಾಲೆಯ ಮೇಲೆ ಕಾಕಾ ಇದ್ದರು, ಪೇಪರನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು. ನಾನು ಚಹದ ಲೋಟ ಕೆಳಗಿಟ್ಟು, ಐದೂ ಗಿಡಗಳ ತುದಿ ಒಂದೊಂದಾಗಿ ಚಿವುಟಿ ಜೇಬಿಗೆ ಹಾಕಿಕೊಂಡೆ.